ಎಲ್ಲರಿಗೂ ಕಾಣುವ ಚರ್ಚೆಯನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ ಬೇಕೆ?
ಮಾನಸಗಂಗೋತ್ರಿಯಲ್ಲಿ ಕನ್ನಡ ವಿಕಿಪೀಡಿಯ ಸಂಪಾದಕರ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೀರಲ್ಲ, ಹೌದು, ಕೇಳಿಯೇ ಮುಂದುವರಿಯಿರಿ. ಸಂಪಾದಕರು ಲೇಖನದ ಬಗ್ಗೆ ಮಾತಾಡಿಕೊಳ್ಳುವ ಚರ್ಚೆ ಪುಟ ಎಲ್ಲರಿಗೂ ಕಾಣುತ್ತದೆ, ನಿಜ. ಆದರೆ ಅಲ್ಲಿನ ಒಂದು ಸಾಲನ್ನು ಪ್ರಬಂಧದಲ್ಲಿ ಹಾಗೇ ಹಾಕಿದರೆ, ಹೆಸರು ಮುಚ್ಚಿಟ್ಟರೂ ಗೂಗಲ್‌ನಲ್ಲಿ ಹುಡುಕಿ ಬರೆದವರನ್ನು ಪತ್ತೆ ಹಚ್ಚಬಹುದು. ನಮ್ಮದು ಚಿಕ್ಕ ಬಳಗ. ‘ಮಂಡ್ಯ ಕಡೆಯ ಮೇಷ್ಟ್ರು, ಕೆರೆಗಳ ಬಗ್ಗೆ ಬರೆಯುತ್ತಾರೆ’ ಎಂದರೆ ಸಾಕು, ಯಾರೆಂದು ಗೊತ್ತಾಗಿಬಿಡುತ್ತದೆ. ಮಾತಿನ ಸಾರವನ್ನು ನಿಮ್ಮ ವಾಕ್ಯದಲ್ಲಿ ಬರೆಯಿರಿ, ಊರು-ಉದ್ಯೋಗ ಬಿಡಿ. ಸಂಶೋಧನೆಯ ವಿಷಯವನ್ನು ಅರಳಿ ಕಟ್ಟೆಯಲ್ಲಿ (ಕನ್ನಡ ವಿಕಿಪೀಡಿಯದ ಸಾರ್ವಜನಿಕ ಚರ್ಚೆಯ ಪುಟ) ಮೊದಲೇ ತಿಳಿಸಿ.

ಪ್ರಯೋಗಕ್ಕೆಂದು ಸುಳ್ಳು ತಿದ್ದುಪಡಿ ಹಾಕಿ ನೋಡುವುದಂತೂ ಬೇಡವೇ ಬೇಡ. ದೋಷವಿರುವ ಪ್ಯಾಚ್‌ಗಳನ್ನು (ಕೋಡ್ ತಿದ್ದುಪಡಿಗಳನ್ನು) ಬೇಕೆಂದೇ ಕಳಿಸಿ ಪರೀಕ್ಷಿಸಿದ್ದ ಮಿನೆಸೋಟ ವಿಶ್ವವಿದ್ಯಾಲಯದ ಕೊಡುಗೆಗಳನ್ನೇ ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) ಬಳಗ 2021ರ ಏಪ್ರಿಲ್‌ನಲ್ಲಿ ತಡೆಯಿತು. ಸಂಶೋಧಕರು ಕ್ಷಮೆ ಕೇಳಿ ಪ್ರಬಂಧ ವಾಪಸ್ ಪಡೆದರು; ಅಲ್ಲಿಂದ ಬಂದಿದ್ದ ಹಳೆಯ ಪ್ಯಾಚ್‌ಗಳನ್ನೆಲ್ಲ ಕೂತು ಮತ್ತೆ ಪರಿಶೀಲಿಸುವ ಕೆಲಸ ಮಾತ್ರ ಕರ್ನಲ್ ಬಳಗದವರ ತಲೆಗೇ ಬಂತು.