ಬೈಟ್ ಕೊಡುವವರ ಬಗ್ಗೆ ನೀವು ಕಳಿಸಿದ ಲೇಖನ

ನಮಸ್ಕಾರ,

ಟಿವಿಯವರು ಕರೆದಾಗಲೆಲ್ಲ ಯಾವ ವಿಷಯಕ್ಕಾದರೂ ಹೇಳಿಕೆ (ಬೈಟ್) ಕೊಡುವವರ ಬಗ್ಗೆ ನೀವು ಬರೆದ 'ಬಾಡಿಗೆ ಮಾತುಗಾರರು' ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ, ತಿದ್ದಿ ಕಳಿಸಿ.

ಮೊದಲು ಹೆಸರು. ಏನು ಕೇಳಿದರೂ ಹೇಳಿಕೆ ಕೊಡುವ ರಾಜಕಾರಣಿಯನ್ನು ಇಂಗ್ಲೆಂಡಿನ ಪತ್ರಿಕೆಯವರು 'ರೆಂಟ್-ಎ-ಕೋಟ್' ಅನ್ನುತ್ತಾರೆ. ನೀವು ಅದನ್ನೇ ಕನ್ನಡಕ್ಕೆ ಎಳೆದು ತಂದಿದ್ದೀರಿ. 'ಬಾಡಿಗೆ' ಅಂದ ಕೂಡಲೇ ಓದುವವರು ದುಡ್ಡಿನ ವ್ಯವಹಾರ ಅಂದುಕೊಳ್ಳುತ್ತಾರೆ. ಇವರಿಗೆ ದುಡ್ಡು ಬೇಡ ಮಾರಾಯ್ರೆ, ಕರೆದರೆ ಸಾಕು. 'ಬೈಟ್ ಕೊಡುವವರು', 'ಮೈಕಾಸುರ' ಅಂತ ನಮ್ಮ ಜನರ ಬಾಯಲ್ಲೇ ಮಾತಿದೆ. ಅದನ್ನೇ ಬಳಸಿ.

ನನಗೆ ತುಂಬ ಹಿಡಿಸಿದ್ದು ಒಂದು ಜಾಗ. ಶಿರಸಿಯ ಆ ಹಿರಿಯರು ಕ್ಯಾಮೆರಾ ಬಂದ ಕೂಡಲೇ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, "ಹಿಂದೆ ಅಡಿಕೆ ಮರ ಕಾಣ್ತದಾ?" ಎಂದು ಕೇಳುತ್ತಾರಲ್ಲ, ಅದು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನ ಗುಡ್ಡ ಕುಸಿದಾಗ ಅವರ ಮಾತು. ಆಗಸ್ಟಿನಲ್ಲಿ ಕಾರವಾರದ ಕಾಳಿ ಹೊಳೆಯ ಹಳೇ ಸೇತುವೆ ಬಿದ್ದಾಗ ಅವರ ಮಾತು. ಅಡಿಕೆಗೆ ಎಲೆಚುಕ್ಕೆ ರೋಗ ಬಂದಾಗಲೂ ಅವರೇ. ಇಷ್ಟೇ ಸಾಕಿತ್ತು. ನೀವು ಸುಮ್ನೆ ಇನ್ನೆರಡು ಪುಟ ಅವರನ್ನು ಬೈದಿದ್ದೀರಿ.

ಅವರಿಗೆ ಫೋನ್ ಮಾಡಿದವರು ಯಾರು? ಅದು ಲೇಖನದಲ್ಲಿ ಎಲ್ಲೂ ಇಲ್ಲ.

ನಾನೂ ವರದಿಗಾರನಾಗಿದ್ದವನು. ಸಂಜೆ ಆರಕ್ಕೆ ಸುದ್ದಿ ಹೋಗಬೇಕು. ಘಟ್ಟದ ಮೇಲೆ ಮಳೆಗೆ ಕರೆಂಟು ಹೋದರೆ ಟವರೂ ಹೋಯಿತು. ತೋಟ ಇರುವವರಿಗೆ ಫೋನ್ ಹಚ್ಚಿದರೆ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ'. ಪೇಟೆಯಲ್ಲಿದ್ದವರು ಮೊದಲ ರಿಂಗಿಗೇ ಎತ್ತುತ್ತಾರೆ. ಹಾಗೆ ಒಬ್ಬರನ್ನು ಅಡಿಕೆಯ ಕೊಳೆರೋಗದ ತಜ್ಞ ಅಂತ ನಾನೇ ಬರೆದೆ. ಅವರಿಗೆ ತೋಟವೇ ಇರಲಿಲ್ಲ. ಅದು ಗೊತ್ತಾಗಿದ್ದು ಆಮೇಲೆ. ಮರುದಿನ ಅವರಿಗೆ ಇನ್ನೂ ಮೂರು ಕಡೆಯಿಂದ ಫೋನ್ ಬಂತು, ನನ್ನ ವರದಿ ನೋಡಿಯೇ. ಇವತ್ತಿಗೂ ಆ ಬೇಸರ ಹೋಗಿಲ್ಲ. ನಿಮ್ಮ ಲೇಖನಕ್ಕೆ ಇಷ್ಟು ಉದ್ದ ಉತ್ತರ ಬರೆಯುತ್ತಿರುವುದೂ ಅದಕ್ಕೇ.

ಮಳೆ ಸ್ವಲ್ಪ ಬಿಟ್ಟ ದಿನ ಒಂದು ತೋಟಕ್ಕೆ ಹೋಗಿ. ಕೊಳೆಗೆ ಬೋರ್ಡೋ ಮದ್ದು ಹೊಡೆಯಲು ಮರ ಹತ್ತಿದ ಕೊನೆಗೌಡ (ಅಡಿಕೆ ಗೊನೆ ಇಳಿಸುವವ) ಇಳಿದು ಬರುವ ತನಕ ಕಾಯಿರಿ. ಕೊಳೆ ಬಿದ್ದ ಅಡಿಕೆ ಗೊನೆಯನ್ನು ಕೈಗೆಟುಕುವಷ್ಟು ಹತ್ತಿರದಿಂದ ನೋಡುವವರು ಅವರು. ಅವರನ್ನು ಯಾವ ಚಾನೆಲ್ಲಿನವರಾದರೂ ಕೇಳಿದ್ದಾರಾ, ವಿಚಾರಿಸಿ. ಅವರ ಮಾತನ್ನು ಆ ಹಿರಿಯರ ಮಾತಿನ ಪಕ್ಕ ಇಟ್ಟು ಬರೆಯಿರಿ. ಬೈಗುಳ ಬೇಡ, ಸಾವಿರ ಪದ ದಾಟುವುದೂ ಬೇಡ.

ದೀಪಾವಳಿಯ ಒಳಗೆ ಕಳಿಸಿದರೆ ಒಳ್ಳೆಯದು. ಜಾಗ ಇಟ್ಟಿರುತ್ತೇನೆ.

ಸಂಪಾದಕ