ನೀಲಿ ಶಾಯಿಯ ‘ಇಲ್ಲ’

ಹಾಸನದಿಂದ ಬಂದ ನಾಲ್ಕು ಪುಟಗಳ ಈ ಪತ್ರವನ್ನು ಮೂರು ಸಲ ಓದಿದೆ. ಮೂರನೆಯ ಸಲ ಓದುವಾಗ ಸಿಟ್ಟು ಬಂದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬರೆದವರು ಪ್ರೌಢಶಾಲೆಯ ಶಿಕ್ಷಕಿ. ಅವರ ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಕೊನೆಯ ದಿನ ಕ್ರೀಡಾಂಗಣದ ಹೊರಗೆ ನಡೆದ ಜಗಳದಲ್ಲಿ, ನೆಲಕ್ಕೆ ಬಿದ್ದಿದ್ದ ಎದುರು ತಂಡದ ಹುಡುಗನ ಬಲಗೈ ಮಣಿಕಟ್ಟನ್ನು ಬೂಟುಗಾಲಿನಿಂದ ತುಳಿದು ಮುರಿದ. ಅಪರಾಧ ಸಾಬೀತಾಯಿತು. ವಯಸ್ಸು ಚಿಕ್ಕದೆಂದು ನ್ಯಾಯಾಲಯ ಅವನನ್ನು ಜೈಲಿಗೆ ಕಳಿಸದೆ, ಗಾಯಾಳುವಿಗೆ ಪರಿಹಾರ ಕೊಡಿಸಿ, ಎರಡು ವರ್ಷ ಸನ್ನಡತೆಯಿಂದ ಇರುವುದಾಗಿ ಮುಚ್ಚಳಿಕೆ ಬರೆಸಿಕೊಂಡು ಪ್ರೊಬೇಷನ್ ಮೇಲೆ ಬಿಟ್ಟಿತು. ಆ ಅವಧಿ ಯುಗಾದಿಗೆ ಮುಗಿದಿದೆ. ಈಗ ಬೆಂಗಳೂರಿನ ಒಂದು ವೃತ್ತಿಪರ ತಂಡ ಆಯ್ಕೆ ಶಿಬಿರದಲ್ಲಿ ಅವನ ಆಟ ಮೆಚ್ಚಿ ಫಾರಂ ಕೊಟ್ಟು ಕಳಿಸಿದೆ. ತಾಯಿ ಆಡಲಿ ಎನ್ನುತ್ತಾರೆ. ತಂದೆ, ಸಕಲೇಶಪುರದ ಕಡೆ ಯಾವುದಾದರೂ ಕಾಫಿ ತೋಟದಲ್ಲಿ ರೈಟರ್ ಕೆಲಸಕ್ಕೆ ಸೇರಿ ಮರ್ಯಾದೆಯಿಂದ ಇರಲಿ ಎನ್ನುತ್ತಾರೆ. ಇಂಥವನಿಗೆ ಆಟದಲ್ಲಿ ಮತ್ತೊಂದು ಅವಕಾಶ ಸಲ್ಲುತ್ತದೆಯೇ ಎಂಬುದು ಅಕ್ಕನ ಪ್ರಶ್ನೆ.

ಸೋದರಿ, ಇದಕ್ಕಿಂತ ದೊಡ್ಡ ವಿಷಯವೊಂದನ್ನು ನೀವು ಮೂರನೆಯ ಪುಟದಲ್ಲಿ ಕಂಸದೊಳಗೆ ಹಾಕಿ ಮುಂದೆ ಹೋಗಿದ್ದೀರಿ. ಫಾರಂ ಐದು ದಿನಗಳಿಂದ ಟೀವಿ ಸ್ಟ್ಯಾಂಡಿನ ಕೆಳಗಿದೆ. ಹೆಸರು, ಎತ್ತರ, ತೂಕ, ಆಡಿದ ಪಂದ್ಯಾವಳಿಗಳು, ಎಲ್ಲವೂ ತಮ್ಮನ ಕೈಬರಹದಲ್ಲಿ, ಕಪ್ಪು ಶಾಯಿಯಲ್ಲಿ ಇವೆ. ಕ್ರಿಮಿನಲ್ ಪ್ರಕರಣ ಅಥವಾ ಶಿಕ್ಷೆಯ ವಿವರ ಕೇಳುವ ಕಾಲಂನಲ್ಲಿ ಮಾತ್ರ ನಿಮ್ಮ ಸೋದರಮಾವ ತಮ್ಮ ನೀಲಿ ಪೆನ್ನಿನಿಂದ ‘ಇಲ್ಲ’ ಎಂದು ಬರೆದಿದ್ದಾರೆ. ಹುಡುಗ ಇನ್ನೂ ಸಹಿ ಹಾಕಿಲ್ಲ. ಸೋಮಾರಿ ಎಂದು ಅಮ್ಮ ಬೈಯುತ್ತಿದ್ದಾರೆ. ಅದು ಸೋಮಾರಿತನವೆಂದು ನನಗೆ ಅನ್ನಿಸುತ್ತಿಲ್ಲ. ತೂಕವನ್ನು ಅರ್ಧ ಕೆಜಿಯ ಲೆಕ್ಕಕ್ಕೂ ಸರಿಯಾಗಿ ತುಂಬಿದ ಹುಡುಗ ಆ ಒಂದು ಜಾಗವನ್ನು ಖಾಲಿ ಬಿಟ್ಟಿದ್ದ ಎಂದರೆ, ಅಲ್ಲಿ ಏನು ಬರೆಯಬೇಕೆಂದು ಅವನಿಗೆ ಗೊತ್ತಿದೆ, ಬರೆಯಲು ಧೈರ್ಯ ಸಾಲುತ್ತಿಲ್ಲ ಎಂದೇ ಅರ್ಥ.

ಮೊದಲು ನೀವು ಕೇಳಿದ್ದಕ್ಕೆ ಉತ್ತರ: ಸಲ್ಲುತ್ತದೆ. ನ್ಯಾಯಾಲಯ ವಿಧಿಸಿದ್ದನ್ನು ಪೂರೈಸಿದವನಿಗೆ ಊರವರು ಕೂಡಿ ಇನ್ನೊಂದು ಶಿಕ್ಷೆ ವಿಧಿಸಬಾರದು ಎಂಬುದು ನನ್ನ ಹಳೆಯ ಹಟ. ಈ ಅಂಕಣ ಓದುವವರಿಗೆ ಕೇಳಿ ಕೇಳಿ ಸಾಕಾಗಿರಬಹುದು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಆಡಿದ ಕ್ಯಾರನ್ ಬಟ್ಲರ್ ಹದಿಹರೆಯದಲ್ಲೇ ಹಲವು ಸಲ ಬಂಧನಕ್ಕೆ ಒಳಗಾಗಿ, ಬಾಲಾಪರಾಧಿಗಳ ಕೇಂದ್ರದಲ್ಲಿದ್ದು ಬಂದವರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2002ರ ಡ್ರಾಫ್ಟ್‌ನಲ್ಲಿ ಮಯಾಮಿ ತಂಡ ಅವರನ್ನು ಹತ್ತನೆಯವರಾಗಿ ಆರಿಸಿಕೊಂಡಿತು. ಹಾಗೆಂದು ಅಲ್ಲಿ ನಡೆಯುವುದೆಲ್ಲ ನನಗೆ ಒಪ್ಪಿಗೆಯೆಂದು ತಿಳಿಯಬೇಡಿ. ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ಮೂರು ವರ್ಷ ಪ್ರೊಬೇಷನ್ ಆದ ಮೈಲ್ಸ್ ಬ್ರಿಜಸ್‌ಗೆ ಲೀಗ್ 2023ರಲ್ಲಿ 30 ಪಂದ್ಯಗಳ ಅಮಾನತು ವಿಧಿಸಿ, ಹಿಂದಿನ ಋತುವಿನಲ್ಲಿ ಆತ ಆಡಿರಲಿಲ್ಲವೆಂದು ಅದರಲ್ಲಿ 20 ಪಂದ್ಯಗಳನ್ನು ಮುಗಿದವೆಂದೇ ಲೆಕ್ಕ ಹಾಕಿತು. ಆ ಲೆಕ್ಕ ಅಗ್ಗದ್ದು ಎಂದೇ ನನ್ನ ಅಭಿಪ್ರಾಯ. ಆದರೂ ಲೆಕ್ಕವನ್ನು ಎಲ್ಲರ ಕಣ್ಣೆದುರಿಗೆ ಇಟ್ಟಿದ್ದರಿಂದಲೇ ಇಷ್ಟು ದೂರ ಕುಳಿತ ನಾವೂ ಅದನ್ನು ಅಗ್ಗವೆನ್ನಲು ಸಾಧ್ಯವಾಗಿದೆ.

ನಿಮ್ಮ ಮಾವನವರು ಅದೇ ಲೀಗಿನ ಆಟಗಾರ ಆಲನ್ ಐವರ್ಸನ್ ಹೆಸರು ಹೇಳಿ ಹುಡುಗನಿಗೆ ಧೈರ್ಯ ತುಂಬುತ್ತಿದ್ದಾರಂತೆ. ಅವರು ಅರ್ಧ ಕತೆ ಹೇಳುತ್ತಿದ್ದಾರೆ. 1993ರಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ ಊರಿನ ಬೌಲಿಂಗ್ ಕೇಂದ್ರದಲ್ಲಿ ನಡೆದ ಹೊಡೆದಾಟಕ್ಕಾಗಿ, ಹದಿನೇಳರ ಐವರ್ಸನ್‌ಗೆ ಹದಿನೈದು ವರ್ಷದ ಶಿಕ್ಷೆಯಾಗಿ ಅದರಲ್ಲಿ ಹತ್ತು ವರ್ಷ ಅಮಾನತಾಯಿತು. ನಾಲ್ಕು ತಿಂಗಳು ಸೆರೆಯಲ್ಲಿದ್ದ ಮೇಲೆ ಗವರ್ನರ್ ಡಗ್ಲಸ್ ವೈಲ್ಡರ್ ಬಿಡುಗಡೆ ಮಾಡಿದರು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ತೀರ್ಪನ್ನೇ ರದ್ದುಗೊಳಿಸಿತು. ಮರುವರ್ಷ ಫಿಲಡೆಲ್ಫಿಯಾ ತಂಡ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಆರಿಸಿಕೊಂಡಿತು. 2001ರಲ್ಲಿ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನ ಪ್ರಶಸ್ತಿ ಬಂತು. ನಿಮ್ಮ ತಮ್ಮನ ತೀರ್ಪು ರದ್ದಾಗಿಲ್ಲ. ಇನ್ನು ಐವರ್ಸನ್ ಪ್ರಕರಣ ದೇಶಕ್ಕೆಲ್ಲ ಗೊತ್ತಿತ್ತು. ಅವರ ಯಾವ ಫಾರಂನಲ್ಲೂ ಯಾರ ಮಾವನೂ ‘ಇಲ್ಲ’ ಎಂದು ಬರೆಯುವ ಹಾಗಿರಲಿಲ್ಲ.

ಪ್ರೊಬೇಷನ್ ಎಂದರೆ ಕೇಸೇ ಇಲ್ಲವೆಂದು ಅರ್ಥ ಎಂಬುದು ಮಾವನವರ ಇನ್ನೊಂದು ವಾದ. ನಮ್ಮ ಕಡೆ ಕಟ್ಟೆಯ ಮೇಲೆ ಕುಳಿತವರೆಲ್ಲ ಇದನ್ನೇ ಹೇಳುತ್ತಾರೆ, ಇದು ತಪ್ಪು. 1958ರ ಪ್ರೊಬೇಷನ್ ಕಾಯ್ದೆಯ 12ನೆಯ ಸೆಕ್ಷನ್, ಶಿಕ್ಷೆಗೆ ಅಂಟಿಕೊಂಡು ಬರುವ ಅನರ್ಹತೆಯಿಂದ ರಕ್ಷಣೆ ಕೊಡುತ್ತದೆಯೇ ಹೊರತು ಅಪರಾಧ ಸಾಬೀತಾದ ಸಂಗತಿಯನ್ನು ಅಳಿಸುವುದಿಲ್ಲ. ಸರ್ಕಾರಿ ನೇಮಕಾತಿಗೆ ಸಂಬಂಧಿಸಿದ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ, ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು, ಏನನ್ನೂ ಮುಚ್ಚಿಡಬಾರದು ಎಂದಿದೆ. ನಿಜ ಹೇಳಿದವನನ್ನೂ ಸೇರಿಸಿಕೊಳ್ಳಲೇಬೇಕೆಂದೇನಿಲ್ಲ ಎಂದೂ ಹೇಳಿದೆ. ಅದು ನಿಮಗೇಕೆ ಬೇಕೆಂದರೆ, ನಮ್ಮ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಲೀಗನ್ನೇ ನಂಬಿ ಸಂಸಾರ ನಡೆಸುವವರು ವಿರಳ. ಹೆಚ್ಚಿನ ಆಟಗಾರರ ಕಣ್ಣಿರುವುದು ರೈಲ್ವೆ, ಬ್ಯಾಂಕು, ಆದಾಯ ತೆರಿಗೆ ಇಲಾಖೆಗಳ ಕ್ರೀಡಾ ಕೋಟಾದ ನೌಕರಿಯ ಮೇಲೆ. ಅಲ್ಲಿ ಪೊಲೀಸ್ ಪರಿಶೀಲನೆ ಇರುತ್ತದೆ, ಹಾಸನದ ಠಾಣೆಯ ದಾಖಲೆ ಎಲ್ಲಿಗೂ ಓಡಿಹೋಗಿರುವುದಿಲ್ಲ. ಇಂದಿನ ‘ಇಲ್ಲ’ ಮಡಿಲಲ್ಲಿ ಕಟ್ಟಿಕೊಂಡ ಕೆಂಡ.

ಹಾಗಾಗಿ ನನ್ನ ದೂರು ನಿಮ್ಮ ತಮ್ಮನಿಗಿಂತ ನಿಮ್ಮ ಮಾವನವರ ಮೇಲೆ. ಕೋರ್ಟಿನ ಖರ್ಚನ್ನೆಲ್ಲ ಅವರೇ ನೋಡಿಕೊಂಡರೆಂದು ಬರೆದಿದ್ದೀರಿ, ಅದಕ್ಕೆ ಋಣಿಯಾಗಿರಿ. ಆದರೆ ಹುಡುಗ ಹತ್ತೊಂಬತ್ತರಲ್ಲಿ ಮಾಡಿದ್ದು ಕೋಪದ ಕೈಯಲ್ಲಿ. ಐವತ್ತು ದಾಟಿದ ಇವರು ಚಹಾ ಕುಡಿಯುತ್ತಾ, ನಿಧಾನವಾಗಿ ಯೋಚಿಸಿ, ಅವನ ಹೆಸರಿನಲ್ಲಿ ಸುಳ್ಳು ಬರೆದಿದ್ದಾರೆ. ನಾಳೆ ಸಹಿಗೆ ಉತ್ತರ ಕೊಡಬೇಕಾದವನು ಅವನು.

ಮಣಿಕಟ್ಟು ಮುರಿಸಿಕೊಂಡ ಹುಡುಗನಿಗೆ ನಾಲ್ಕು ಪುಟಗಳಲ್ಲಿ ನೀವು ಕೊಟ್ಟಿರುವುದು ಒಂದೇ ಸಾಲು: ಆಟ ಬಿಟ್ಟು ಈಗ ಚನ್ನರಾಯಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನಿಮ್ಮ ತಮ್ಮನ ಮೂರು ಅಂಕದ ಎಸೆತಕ್ಕೆ ಒಂದೂವರೆ ಪುಟ ಮೀಸಲಾಗಿದೆ. ಆ ಹುಡುಗನ ಮನೆಗೆ ಹಣ್ಣಿನ ಬುಟ್ಟಿ ಹಿಡಿದು ಹೋಗಿ, ಕ್ಷಮಿಸಿದ್ದೇನೆಂದು ಬರೆಸಿಕೊಂಡು ಬಂದು ಫಾರಂಗೆ ಲಗತ್ತಿಸುವ ಉಪಾಯ ಯಾರಿಗಾದರೂ ಹೊಳೆದರೆ ಅಲ್ಲಿಗೇ ತಡೆಯಿರಿ. ಅವನಿಗೆ ಬೇಕೆನಿಸಿದ ದಿನ ಅವನೇ ಮಾತಾಡಿಸುತ್ತಾನೆ.

ನೀವು ಮಾಡಬೇಕಾದದ್ದು ಒಂದೇ ಕೆಲಸ. ತಂಡದವರಿಂದ ಹೊಸ ಫಾರಂ ತರಿಸಿ ತಮ್ಮನ ಕೈಗೆ ಕೊಡಿ. ಆ ಕಾಲಂನಲ್ಲಿ ಪ್ರಕರಣದ ಸಂಖ್ಯೆ, ನ್ಯಾಯಾಲಯ, ತೀರ್ಪಿನ ದಿನಾಂಕ, ಮುಚ್ಚಳಿಕೆಯ ಅವಧಿ ಮುಗಿದ ದಿನ, ಇಷ್ಟನ್ನೂ ಅವನೇ ಬರೆಯಲಿ. ಜಾಗ ಸಾಲದಿದ್ದರೆ ಬೇರೆ ಹಾಳೆ ಸೇರಿಸಲಿ. ತೀರ್ಪಿನ ದೃಢೀಕೃತ ನಕಲಿಗೆ ವಕೀಲರ ಮೂಲಕ ನಾಳೆಯೇ ಅರ್ಜಿ ಹಾಕಿಸಿ, ಅದು ಕೈಸೇರುವವರೆಗೆ ತಂಡದವರಲ್ಲಿ ಸಮಯ ಕೇಳಿ. ಅವನು ಬರೆಯುವ ಹೊತ್ತಿನಲ್ಲಿ ಮಾವನವರು ಮನೆಯಲ್ಲಿರದಂತೆ ನೋಡಿಕೊಳ್ಳಿ. ಎಲ್ಲವನ್ನೂ ಓದಿದ ಮೇಲೆ ತಂಡದವರು ಬೇಡ ಎನ್ನಬಹುದು. ಹಾಗೆ ಅಂದರೆ ಮತ್ತೊಂದು ಪತ್ರ ಬರೆಯಿರಿ. ಸಕಲೇಶಪುರದ ರೈಟರ್ ಕೆಲಸದ ಮಾತನ್ನು ಆಗ ಆಡೋಣ.