ಸೇನಾ ರಹಸ್ಯ ಚಿತ್ರ: ಒಂದಕ್ಕೆ ಮೆಚ್ಚುಗೆ, ಇನ್ನೊಂದಕ್ಕೆ ಬೈಗುಳ

ಪ್ರಶ್ನೆ: 1996ರ ‘ಕರೇಜ್ ಅಂಡರ್ ಫೈರ್’, 2003ರ ‘ಬೇಸಿಕ್’ ಎರಡೂ ಜಪಾನಿ ನಿರ್ದೇಶಕ ಕುರೊಸಾವಾರ ‘ರಾಶೋಮನ್’ (ಒಂದೇ ಘಟನೆಯನ್ನು ಒಬ್ಬೊಬ್ಬ ಸಾಕ್ಷಿಯೂ ಒಂದೊಂದು ಬಗೆಯಲ್ಲಿ ಹೇಳುವ ಚಿತ್ರ) ಜಾಡಿನ ಸೇನಾ ತನಿಖೆಯ ಕಥೆಗಳು. ವಿಮರ್ಶಕರು ಮೊದಲನೆಯದನ್ನು ಮೆಚ್ಚಿ ಎರಡನೆಯದನ್ನು ಜರೆದದ್ದೇಕೆ?

ಉತ್ತರ: ಸಾಕ್ಷಿ ಸುಳ್ಳು ಹೇಳಲು ಕಾರಣ ಇದೆಯೇ ಎಂಬುದನ್ನು ನೋಡಿ. ‘ಕರೇಜ್’ನಲ್ಲಿ, ಕೊಲ್ಲಿ ಯುದ್ಧದಲ್ಲಿ ಸತ್ತ ಮಹಿಳಾ ಪೈಲಟ್‌ಗೆ ಅಮೆರಿಕದ ಅತ್ಯುನ್ನತ ಸೇನಾ ಪದಕ ‘ಮೆಡಲ್ ಆಫ್ ಆನರ್’ ಸಲ್ಲಬೇಕೇ ಎಂಬ ತನಿಖೆ. ಒಬ್ಬನ ಹೇಳಿಕೆಯಲ್ಲಿ ಆಕೆ ಧೀರೆ, ಇನ್ನೊಬ್ಬನದರಲ್ಲಿ ಹೇಡಿ. ಸುಳ್ಳಿನ ಹಿಂದೆ ಮುಚ್ಚಿಡಬೇಕಾದ ತಪ್ಪೊಂದಿದೆ. ತನಿಖೆ ಮಾಡುವ ಡೆನ್ಜೆಲ್ ವಾಷಿಂಗ್ಟನ್ ಪಾತ್ರವೂ ಕತ್ತಲಲ್ಲಿ ತಪ್ಪಾಗಿ ತನ್ನದೇ ಪಡೆಯ ಟ್ಯಾಂಕಿಗೆ ಗುಂಡು ಹಾರಿಸಿದೆ. ಹಾಗಾಗಿ ಸತ್ಯ ಹೊರಬಿದ್ದಾಗ ಹಿಂದಿನ ದೃಶ್ಯಗಳ ತೂಕ ಹೆಚ್ಚುತ್ತದೆ.

‘ಬೇಸಿಕ್’ನಲ್ಲಿ ಪನಾಮಾದ ಕಾಡು, ಬಿರುಗಾಳಿ, ಅಮೆರಿಕ ಸೇನೆಯ ವಿಶೇಷ ಪಡೆ ರೇಂಜರ್‌ಗಳ ತರಬೇತಿ, ‘ಡೈ ಹಾರ್ಡ್’ನ ನಿರ್ದೇಶಕ ಜಾನ್ ಮ್ಯಾಕ್‌ಟಿಯರ್ನನ್, ಎಲ್ಲ ಇದ್ದವು. ಆದರೆ ತರಬೇತಿಯಲ್ಲಿ ನಡೆದ ಕೊಲೆಗಳ ಬಗ್ಗೆ ಹೇಳಿಕೆ ಬದಲಾದಂತೆ ಕೊಂದವರೂ ಬದಲಾಗುತ್ತಾರೆ, ಕೊನೆಯ ತಿರುವು ಅಷ್ಟನ್ನೂ ರದ್ದು ಮಾಡುತ್ತದೆ. (ಏನೆಂದು ಹೇಳುವುದಿಲ್ಲ, ನೋಡದವರಿದ್ದಾರೆ.) ಪ್ರೇಕ್ಷಕ ಕೂಡಿಸಿಟ್ಟ ಸುಳಿವು ಕೆಲಸಕ್ಕೆ ಬಾರದು, ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ನಾಲ್ಕರಲ್ಲಿ ಒಂದೇ ನಕ್ಷತ್ರ ಕೊಟ್ಟರು. ‘ಪಲ್ಪ್ ಫಿಕ್ಷನ್’ ಜೋಡಿ ಟ್ರವೋಲ್ಟಾ–ಜಾಕ್ಸನ್ ಮತ್ತೆ ಸೇರಿದರೂ ಒಟ್ಟಿಗೆ ಕಾಣುವುದು ಕೊಂಚ ಹೊತ್ತು. ಅದು ಶುದ್ಧ ನಷ್ಟ.

ಪ್ರಶ್ನೆ: ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮೇಟೋಸ್‌ನ ಶೇಕಡಾವಾರು ಅಂಕ ನಂಬಬಹುದೇ?

ಉತ್ತರ: ಅದು ಅಂಕವಲ್ಲ, ಮೆಚ್ಚಿದ ವಿಮರ್ಶೆಗಳ ಪ್ರಮಾಣ. ಎಲ್ಲರೂ ‘ಪರವಾಗಿಲ್ಲ’ ಎಂದರೂ 100 ಬರುತ್ತದೆ. ಪಕ್ಕದಲ್ಲಿ ಸರಾಸರಿ ರೇಟಿಂಗ್ ಸಿಕ್ಕರೆ ಅದನ್ನೂ ನೋಡಿ.